ಆತಂಕ ಇರುವವರಿಗೆ ಮೊದಲ ಸ್ಪ್ರಿಂಟ್ ಟ್ರಯಥ್ಲಾನ್: ಹೆಸರು ಕೊಡುವುದರಿಂದ ಫಿನಿಶ್ ಗೆರೆಯವರೆಗೆ

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ರೇಸ್. ಮೊದಲ ಟ್ರಯಥ್ಲಾನಿಗೆ ಹೊರಟವರಲ್ಲಿ ಒಂದೇ ತರಹದ ಸೋಲು ಮತ್ತೆ ಮತ್ತೆ ಕಾಣುತ್ತದೆ. ಈಜು ಬರುತ್ತದೆ, ಸೈಕಲ್ ಚೆನ್ನಾಗಿ ತುಳಿಯುತ್ತಾರೆ, 5 ಕಿಲೋಮೀಟರ್ ಓಟ ಅವರಿಗೆ ಲೆಕ್ಕಕ್ಕೇ ಇಲ್ಲ. ಆದರೆ ರೇಸಿನ ದಿನ ನೀರಿಗಿಳಿದು ನೂರು ಮೀಟರ್ ಹೋಗುವಷ್ಟರಲ್ಲಿ ಎದೆ ಡವಡವ ಅನ್ನುತ್ತದೆ, ಉಸಿರು ಸಿಗುವುದಿಲ್ಲ, ದೋಣಿಗೆ ಕೈ ಎತ್ತಿ ವಾಪಸ್ ಬರುತ್ತಾರೆ. ಇನ್ನು ಕೆಲವರು ನೀರಿನ ತನಕವೂ ಬರುವುದಿಲ್ಲ. ಹಿಂದಿನ ರಾತ್ರಿಯೇ ‘ಹುಷಾರಿಲ್ಲ’ ಅಂತ ಗುಂಪಿಗೆ ಮೆಸೇಜ್ ಹಾಕಿರುತ್ತಾರೆ.

ಆಮೇಲೆ ಅವರು ಮಾಡುವುದೇನು? ಇನ್ನೂ ಜಾಸ್ತಿ ಈಜು, ಇನ್ನೂ ಜಾಸ್ತಿ ಓಟ. ಮುಂದಿನ ರೇಸಿನಲ್ಲಿ ಮತ್ತೆ ಅದೇ ನೂರು ಮೀಟರ್, ಅದೇ ದೋಣಿ. ದೇಹ ಮೊದಲೇ ತಯಾರಾಗಿತ್ತು. ಆತಂಕ ಬಂದಾಗ ಕೈಕಾಲು ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಅಭ್ಯಾಸ ಮಾಡಿರಲಿಲ್ಲ.

ಟ್ರಯಥ್ಲಾನಿನಲ್ಲಿ ಒಂದು ಅನುಕೂಲ ಇದೆ. ಆತಂಕ ಎಲ್ಲೆಲ್ಲಿ ಏರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ: ಹಿಂದಿನ ರಾತ್ರಿ, ಸೈಕಲ್ ನಿಲ್ಲಿಸುವ ಜಾಗ, ನೀರಿನ ಮೊದಲ 200 ಮೀಟರ್, ಓಟದ ಮೊದಲ ಕಿಲೋಮೀಟರ್. ಈ ನಾಲ್ಕು ಜಾಗಕ್ಕೂ ಒಂದೊಂದು ಕೆಲಸ ಕಲಿತಿರಬೇಕು. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಒಂದನೇ ಹಂತ ಬಿಟ್ಟು ಐದಕ್ಕೆ ಹಾರುವವರೇ ಜಾಸ್ತಿ ಒದ್ದಾಡುತ್ತಾರೆ.

ಹಂತ 1: ಮೊದಲು ಡಾಕ್ಟರ್, ಆಮೇಲೆ ಟ್ರೇನಿಂಗ್

ಎದೆ ಹೊಡೆದುಕೊಳ್ಳುವುದು, ಉಸಿರು ಸಾಲದಂತಾಗುವುದು, ತಲೆ ತಿರುಗುವುದು ಎಲ್ಲವೂ ಆತಂಕದಿಂದ ಆಗಬಹುದು. ಥೈರಾಯ್ಡ್, ರಕ್ತಹೀನತೆ, ಆಸ್ತಮಾ, ಹೃದಯದ ತೊಂದರೆಯಿಂದಲೂ ಆಗಬಹುದು. ಟ್ರಯಥ್ಲಾನಿನಲ್ಲಿ ಆಗುವ ಸಾವುಗಳಲ್ಲಿ ಹೆಚ್ಚಿನವು ಈಜಿನ ಹೊತ್ತಿನಲ್ಲೇ ಆಗುತ್ತವೆ. ಹಾಗಾಗಿ ‘ಇದು ನನ್ನ ಟೆನ್ಷನ್ ಅಷ್ಟೇ’ ಅನ್ನುವ ತೀರ್ಮಾನ ನೀವೇ ಮಾಡಿಕೊಳ್ಳಬೇಡಿ. ಇಸಿಜಿ, ಬಿಪಿ, ರಕ್ತ ಪರೀಕ್ಷೆ ಮಾಡಿಸಿ. ನಲವತ್ತು ದಾಟಿದ್ದರೆ, ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದವರಿದ್ದರೆ, ಹೃದಯ ತಜ್ಞರನ್ನೂ ನೋಡಿ.

ಎಲ್ಲ ಸರಿಯಿದೆ ಅಂತ ಗೊತ್ತಾದರೆ ಇನ್ನೊಂದು ಲಾಭವೂ ಇದೆ. ನೀರಿನಲ್ಲಿ ಎದೆ ಹೊಡೆದುಕೊಂಡಾಗ ‘ಹಾರ್ಟಿಗೆ ಏನೋ ಆಯಿತು’ ಅನ್ನುವ ಯೋಚನೆ ಬಂದೇ ಬರುತ್ತದೆ. ಆಗ ಎದುರು ಹೇಳಲು ನಿಮ್ಮ ಹತ್ತಿರ ಒಂದು ಆಧಾರ ಇರುತ್ತದೆ.

ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬರೆದುಕೊಟ್ಟ ಡಾಕ್ಟರಿಗೆ ‘ನಾನು ತೆರೆದ ನೀರಿನಲ್ಲಿ ಈಜಿ, ಸೈಕಲ್ ಹೊಡೆದು, ಓಡುತ್ತೇನೆ’ ಅಂತ ಇದೇ ಮಾತಿನಲ್ಲಿ ಹೇಳಿ. ‘ಸ್ವಲ್ಪ ವ್ಯಾಯಾಮ ಮಾಡ್ತೀನಿ’ ಅಂದರೆ ಅವರಿಗೆ ಚಿತ್ರ ಸಿಗುವುದಿಲ್ಲ. ಪ್ರೊಪ್ರನೊಲಾಲ್ ತರಹದ ಮಾತ್ರೆ ಹೃದಯ ಬಡಿತವನ್ನು ಕೆಳಗೆ ಹಿಡಿದಿಡುತ್ತದೆ. ಅದನ್ನು ತೆಗೆದುಕೊಳ್ಳುವವರು ವಾಚಿನಲ್ಲಿ ಕಾಣುವ ಬಡಿತದ ಲೆಕ್ಕ ನಂಬಿ ಟ್ರೇನಿಂಗ್ ಮಾಡಬಾರದು. ಅಲ್ಪ್ರಜೋಲಮ್, ಕ್ಲೋನಜೆಪಾಮ್ ತರಹದವು ಮಂಪರು ತರುತ್ತವೆ. ‘ಧೈರ್ಯಕ್ಕೆ ಇರಲಿ’ ಅಂತ ರೇಸಿನ ಬೆಳಿಗ್ಗೆ ಅರ್ಧ ಮಾತ್ರೆ ನುಂಗಿ ನೀರಿಗಿಳಿಯುವುದು ನಿಜವಾಗಿ ಅಪಾಯ. ದಿನಾ ತೆಗೆದುಕೊಳ್ಳುವ ಮಾತ್ರೆಯನ್ನು ರೇಸ್ ಇದೆ ಅಂತ ನೀವಾಗಿ ನಿಲ್ಲಿಸುವುದೂ ಅಷ್ಟೇ ತಪ್ಪು.

ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಂತ 2: ರೇಸ್ ಆರಿಸುವುದು

ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಇದರ ಎರಡರಷ್ಟು ಒಲಿಂಪಿಕ್ ದೂರ. ಸ್ಪ್ರಿಂಟಿನ ಸುಮಾರು ಅರ್ಧ ದೂರಕ್ಕೆ ಸೂಪರ್ ಸ್ಪ್ರಿಂಟ್ ಅನ್ನುತ್ತಾರೆ. ಮೊದಲ ಸಲಕ್ಕೆ ಸ್ಪ್ರಿಂಟ್ ಅಥವಾ ಸೂಪರ್ ಸ್ಪ್ರಿಂಟ್ ಸಾಕು. ಆಫೀಸಿನ ಗೆಳೆಯ ಗೋವಾದ 70.3ಗೆ (ಒಟ್ಟು 70.3 ಮೈಲಿಯ ಅರ್ಧ ಐರನ್‌ಮ್ಯಾನ್ ರೇಸಿಗೆ) ಹೆಸರು ಕೊಟ್ಟ ಅಂತ ನೀವೂ ಕೊಡಬೇಡಿ. ಅಲ್ಲಿ ಈಜೇ 1.9 ಕಿಲೋಮೀಟರ್, ಅದೂ ಸಮುದ್ರದಲ್ಲಿ.

ದೂರಕ್ಕಿಂತ ಮುಖ್ಯ ಈಜು ಎಲ್ಲಿ ಅನ್ನುವುದು. ಪೂಲಿನಲ್ಲಿ ಈಜು ಇರುವ ರೇಸ್ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. 50 ಮೀಟರ್ ಪೂಲಿನಲ್ಲಿ 750 ಮೀಟರ್ ಅಂದರೆ 15 ಲೆಂತ್, 25 ಮೀಟರಿನದಾದರೆ 30. ತಳ ಕಾಣುತ್ತದೆ, ಪ್ರತಿ ತುದಿಯಲ್ಲೂ ಗೋಡೆ ಇರುತ್ತದೆ. ಎರಡನೇ ರೇಸಿಗೆ ಕೆರೆ, ಮೂರನೆಯದಕ್ಕೆ ಸಮುದ್ರ. ಇದನ್ನು ‘ಅಸಲಿ ಟ್ರಯಥ್ಲಾನ್ ಅಲ್ಲ’ ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಿ ನಾನು ಯಾರಿಗೂ ಒಳ್ಳೆಯದಾಗಿದ್ದು ನೋಡಿಲ್ಲ.

ಹೆಸರು ಕೊಡುವ ಮುಂಚೆ ಆಯೋಜಕರಿಗೆ ಈ ಪ್ರಶ್ನೆ ಕೇಳಿ. ಎಲ್ಲರೂ ಒಟ್ಟಿಗೆ ಹೊರಡುತ್ತಾರಾ, ಇಲ್ಲ ಒಬ್ಬೊಬ್ಬರನ್ನೇ ಬಿಡುತ್ತಾರಾ? ದೋಣಿ, ಕಯಾಕ್, ಜೀವರಕ್ಷಕರು ಎಷ್ಟು ಜನ? ಒಂದೊಂದು ಭಾಗಕ್ಕೂ ಎಷ್ಟು ಸಮಯದ ಮಿತಿ? ಸೈಕಲ್ ರಸ್ತೆಯಲ್ಲಿ ಬೇರೆ ವಾಹನ ಇರುತ್ತವಾ? ಜೀವರಕ್ಷಕರ ಪ್ರಶ್ನೆಗೆ ‘ಅದೆಲ್ಲ ಇರುತ್ತೆ ಸಾರ್, ಬನ್ನಿ’ ಅಂತ ತೇಲಿಸಿದರೆ ಆ ರೇಸ್ ಬಿಟ್ಟುಬಿಡಿ.

ಸಮಯ ಎಷ್ಟು ಬೇಕು? ನಿಲ್ಲದೆ 200 ಮೀಟರ್ ಈಜಲು ಬರುವವರಿಗೆ ಮೂರರಿಂದ ನಾಲ್ಕು ತಿಂಗಳು. ಈಜೇ ಬಾರದಿದ್ದರೆ ಮೊದಲು ಈಜು ಕಲಿಯಿರಿ, ತಾರೀಖು ಆಮೇಲೆ ನೋಡಿ. ತಾರೀಖು ಗೊತ್ತುಮಾಡಿ ಈಜು ಕಲಿಯಲು ಹೋದರೆ ಕ್ಯಾಲೆಂಡರೇ ಆತಂಕ ಹುಟ್ಟಿಸುತ್ತದೆ.

ಹಂತ 3: ಸಾಮಾನು

ಬೇಕಾದದ್ದು ಕಡಿಮೆ. ಎರಡು ಜೊತೆ ಗಾಗಲ್ಸ್, ಎದ್ದು ಕಾಣುವ ಬಣ್ಣದ ಟೋಪಿ, ಬ್ರೇಕ್ ಸರಿಯಿರುವ ಸೈಕಲ್, ಹೆಲ್ಮೆಟ್, ಈಗಾಗಲೇ ಹಾಕಿ ಪಳಗಿದ ಶೂ, ನಂಬರ್ ಸಿಕ್ಕಿಸುವ ಬೆಲ್ಟ್, ಒಂದು ಟವೆಲ್. ಹೈಬ್ರಿಡ್ ಸೈಕಲ್ ಸಾಕು. ಶೂ ಸಿಕ್ಕಿಕೊಳ್ಳುವ ಕ್ಲಿಪ್ ಪೆಡಲ್ ಮೊದಲ ರೇಸಿಗೆ ಬೇಡ, ಗಾಬರಿಯಲ್ಲಿ ಕಾಲು ಬಿಡಿಸಲಾಗದೆ ನಿಂತಲ್ಲೇ ಬೀಳುತ್ತೀರಿ.

ಬಟ್ಟೆಯಲ್ಲಿ ಒಂದು ಸೂಕ್ಷ್ಮ ಇದೆ. ಎದೆ, ಕುತ್ತಿಗೆ ಬಿಗಿಯಾದ ಟ್ರೈಸೂಟ್ (ಈಜು, ಸೈಕಲ್, ಓಟ ಮೂರಕ್ಕೂ ಹಾಕುವ ಒಂದೇ ಉಡುಪು) ಹಾಕಿದರೆ ಆತಂಕ ಇರುವವರಿಗೆ ಉಸಿರು ಕಟ್ಟಿದ ಹಾಗೆ ಅನಿಸುತ್ತದೆ. ಅಂಗಡಿಯಲ್ಲಿ ಹಾಕಿ ನೋಡಿದಾಗ ಗೊತ್ತಾಗುವುದಿಲ್ಲ, ನೆಂದ ಮೇಲೆ ಗೊತ್ತಾಗುತ್ತದೆ. ಹಾಕಿಕೊಂಡು 400 ಮೀಟರ್ ಈಜದೆ ರೇಸಿಗೆ ಒಯ್ಯಬೇಡಿ. ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು, ವೆಟ್‌ಸೂಟಿನ ಚಿಂತೆ ನಮಗಿಲ್ಲ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್ ನಿಯಮದ ಪ್ರಕಾರ ಇಷ್ಟು ದೂರದ ಈಜಿಗೆ ನೀರು 22 ಡಿಗ್ರಿಗಿಂತ ಬೆಚ್ಚಗಿದ್ದರೆ ನಮ್ಮಂಥ ಹವ್ಯಾಸಿಗಳು ಅದನ್ನು ಹಾಕುವಂತಿಲ್ಲ. ನಮ್ಮ ಕಡೆ ನೀರು ಹೆಚ್ಚಾಗಿ ಅದಕ್ಕಿಂತ ಬೆಚ್ಚಗೇ ಇರುತ್ತದೆ.

ಹಂತ 4: ಡವಡವ ಅನ್ನುವ ಎದೆಗೆ ನೆಲದ ಮೇಲೆ ಪಳಗುವುದು

ಇದನ್ನು ಎಲ್ಲರೂ ಬಿಡುತ್ತಾರೆ. ನೀರಿಗಿಳಿಯುವ ಮುಂಚೆಯೇ ಶುರು ಮಾಡಬೇಕಾದ ಕೆಲಸ ಇದು.

ಜೋರಾಗಿ ಓಡಿದಾಗ ಆಗುವುದನ್ನು ಗಮನಿಸಿ: ಬಡಿತ ಏರುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಬೆವರು, ನಡುಕ. ಗಾಬರಿಯಲ್ಲಿ ಆಗುವುದೂ ಹೆಚ್ಚುಕಮ್ಮಿ ಇದೇ. ಆತಂಕ ಇರುವವರ ಮನಸ್ಸು ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ದೇಹ ಸುಮ್ನೆ ಕೆಲಸ ಮಾಡುತ್ತಿರುತ್ತದೆ, ಮನಸ್ಸು ಬೆಂಕಿ ಬಿತ್ತು ಅಂತ ಕೂಗುತ್ತದೆ. ಆ ಕೂಗಿಗೆ ಬಡಿತ ಇನ್ನೂ ಏರುತ್ತದೆ.

ಅದಕ್ಕೆ ಬೇಕೆಂದೇ ಆ ಲಕ್ಷಣಗಳನ್ನು ತಂದುಕೊಂಡು ಅಭ್ಯಾಸ ಮಾಡಬೇಕು. ಒಂದು ನಿಮಿಷ ನಿಂತಲ್ಲೇ ಮಂಡಿ ಎತ್ತಿ ಜೋರಾಗಿ ಓಡಿ. ನಿಲ್ಲಿಸಿ. ಏನೂ ಮಾಡಬೇಡಿ. ನೀರು ಕುಡಿಯಬೇಡಿ, ನಾಡಿ ಹಿಡಿದು ನೋಡಬೇಡಿ, ಕೂರಬೇಡಿ. ಎದೆ ಹೊಡೆದುಕೊಳ್ಳುವುದನ್ನು ಹಾಗೇ ನೋಡುತ್ತಾ ಅದು ತಾನಾಗಿ ಇಳಿಯುವ ತನಕ ನಿಂತಿರಿ. ಮೂರು ಸಲ ಮಾಡಿ. ಮಾರನೇ ದಿನ ಮೆಟ್ಟಿಲು ಹತ್ತಿ ಹಾಗೇ ಮಾಡಿ. ಪ್ಯಾನಿಕ್ ತೊಂದರೆಗೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಬಳಸುವ ಕ್ರಮವೇ ಇದು. ನಿಮಗೆ ಆಗಾಗ ತೀವ್ರ ಗಾಬರಿ ಬರುವುದಿದ್ದರೆ ಮೊದಲ ಕೆಲವು ಸಲ ಅವರ ಮಾರ್ಗದರ್ಶನದಲ್ಲೇ ಮಾಡಿ.

ತಪ್ಪಾಗುವುದು ಎಲ್ಲಿ? ವಾಚ್ ನೋಡುವುದರಲ್ಲಿ. ‘165 ಆಯ್ತಾ? 170 ಆಯ್ತಾ?’ ಅಂತ ಹತ್ತು ಸೆಕೆಂಡಿಗೊಮ್ಮೆ ಮಣಿಕಟ್ಟು ತಿರುಗಿಸುವುದು ಆತಂಕದ್ದೇ ಒಂದು ಚಟ. ಟ್ರೇನಿಂಗಿನಲ್ಲಿ ಬಡಿತ ತೋರಿಸುವ ಪರದೆ ತೆಗೆದುಹಾಕಿ, ಸಮಯ ಮಾತ್ರ ಇಡಿ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆದರೆ ವೇಗ ಸರಿಯಿದೆ, ಅಷ್ಟೇ ಲೆಕ್ಕ.

ಹಂತ 5: ನೀರು

ಹೆಚ್ಚು ಸಮಯ ಇಲ್ಲಿ ಹಾಕಿ. ವಾರಕ್ಕೆ ಮೂರು ದಿನ ಈಜು, ಅದರಲ್ಲಿ ಒಂದು ದಿನ ಪೂರ್ತಿ ಗಾಬರಿಯ ಅಭ್ಯಾಸಕ್ಕೇ ಮೀಸಲು.

*ಉಸಿರು ಬಿಡುವುದು.* ಈಜುವಾಗ ಉಸಿರು ಸಿಗುವುದಿಲ್ಲ ಅನ್ನುವವರಲ್ಲಿ ಬಹಳ ಜನರ ತೊಂದರೆ ಉಸಿರು ಬಿಡದೇ ಇರುವುದು. ಮುಖ ನೀರಿನೊಳಗೆ ಹೋದಾಗ ಬಾಯಿ ಬಿಗಿ ಹಿಡಿಯುತ್ತಾರೆ. ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತದೆ, ಮಿದುಳು ‘ಗಾಳಿ, ಗಾಳಿ’ ಅನ್ನುತ್ತದೆ. ತಲೆ ಎತ್ತಿದ ಕ್ಷಣದಲ್ಲೇ ಬಿಡುವುದೂ ಎಳೆಯುವುದೂ ಎರಡೂ ಆಗಬೇಕು, ಯಾವುದೂ ಸರಿಯಾಗಿ ಆಗುವುದಿಲ್ಲ. ಮೊದಲ ಎರಡು ವಾರ ಪೂಲಿನ ಅಂಚು ಹಿಡಿದು ಮುಖ ಮುಳುಗಿಸಿ ಗುಳುಗುಳು ಅಂತ ಗುಳ್ಳೆ ಬಿಡಿ. ಮೂಗು, ಬಾಯಿ ಎರಡರಿಂದಲೂ, ನಿಧಾನಕ್ಕೆ. ಚಿಕ್ಕ ಮಕ್ಕಳ ಪಾಠ ಅನಿಸುತ್ತದೆ, ಪಕ್ಕದ ಲೇನಿನವರು ನೋಡುತ್ತಾರೆ, ನೋಡಲಿ ಬಿಡಿ. ಮೂರು ಕೈಗೊಮ್ಮೆ ಉಸಿರು ತೆಗೆದುಕೊಳ್ಳಬೇಕು ಅನ್ನುವ ಶಿಸ್ತನ್ನೂ ಪಕ್ಕಕ್ಕಿಡಿ. ಎರಡು ಕೈಗೊಮ್ಮೆ, ಒಂದೇ ಕಡೆಯಿಂದಾದರೂ ಸರಿ.

ಒಂದು ಎಚ್ಚರಿಕೆ: ಮುಳುಗುವ ಮುಂಚೆ ಭಸ್ತ್ರಿಕೆಯ ಹಾಗೆ ಜೋರು ಜೋರಾಗಿ ಉಸಿರು ಎಳೆದು ಬಿಡಬೇಡಿ, ನೀರಿನಡಿ ಉಸಿರು ಹಿಡಿಯುವ ಪಂದ್ಯವೂ ಬೇಡ. ಯಾವ ಮುನ್ಸೂಚನೆಯೂ ಇಲ್ಲದೆ ನೀರಿನೊಳಗೇ ಪ್ರಜ್ಞೆ ತಪ್ಪಬಹುದು.

*ತಿರುಗಿ ಮಲಗುವ ಕ್ರಮ.* ಗಾಬರಿ ಬಂದರೆ ಮಾಡಬೇಕಾದ ನಾಲ್ಕು ಕೆಲಸ. ಒಂದು, ಬೆನ್ನ ಮೇಲೆ ತಿರುಗಿ, ಕಿವಿ ನೀರಿನಲ್ಲಿ, ಕಣ್ಣು ಆಕಾಶಕ್ಕೆ. ಎರಡು, ಹತ್ತು ಸಲ ಉಸಿರು ಬಿಡುವುದನ್ನು ಎಣಿಸಿ. ಎಳೆಯುವುದನ್ನಲ್ಲ, ಬಿಡುವುದನ್ನು, ಅದೂ ಉದ್ದವಾಗಿ. ಮೂರು, ತಲೆ ಮೇಲಿಟ್ಟು ಇಪ್ಪತ್ತು ಕೈ ಬ್ರೆಸ್ಟ್‌ಸ್ಟ್ರೋಕ್. ನಾಲ್ಕು, ಮುಖ ಮುಳುಗಿಸಿ ಫ್ರೀಸ್ಟೈಲಿಗೆ ವಾಪಸ್. ಇದನ್ನು ಗಾಬರಿ ಇಲ್ಲದಾಗಲೇ ಕಲಿಯಬೇಕು. ಪ್ರತಿ ದಿನದ ಈಜಿನಲ್ಲಿ, ಆರಾಮಾಗಿದ್ದರೂ, ಎರಡು ಸಲ ಮಧ್ಯದಲ್ಲಿ ಇದನ್ನು ಮಾಡಿ. ತುದಿಯಲ್ಲಿ ಮಾಡಬೇಡಿ, ಗೋಡೆ ಹಿಡಿಯುವ ಆಸೆ ಬರುತ್ತದೆ.

ಟ್ರಯಥ್ಲಾನಿನಲ್ಲಿ ಯಾವ ಶೈಲಿಯಲ್ಲಿ ಬೇಕಾದರೂ ಈಜಬಹುದು. ಬೆನ್ನ ಮೇಲೆ ಮಲಗಿದರೆ ಯಾರೂ ಅನರ್ಹ ಮಾಡುವುದಿಲ್ಲ. ತೇಲುಬೋಯ್ (ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಗುರುತು) ಅಥವಾ ನಿಂತಿರುವ ದೋಣಿ ಹಿಡಿದು ಸುಧಾರಿಸಿಕೊಳ್ಳಲೂ ನಿಯಮ ಬಿಡುತ್ತದೆ, ಅದನ್ನು ಹಿಡಿದು ಮುಂದೆ ಸಾಗಬಾರದು ಅಷ್ಟೇ. ಈ ಒಂದು ನಿಯಮ ಗೊತ್ತಿದ್ದರೆ ಎಷ್ಟೋ ಜನ ರೇಸ್ ಬಿಡುತ್ತಿರಲಿಲ್ಲ.

*ಪೂಲಿನಲ್ಲೇ ರೇಸಿನ ಗಲಾಟೆ.* ಇಬ್ಬರು ಗೆಳೆಯರನ್ನು ಕರೆದು ಮೂವರೂ ಒಂದೇ ಲೇನಿನಲ್ಲಿ ಅಕ್ಕಪಕ್ಕ ಈಜಿ. ಕೈ ತಾಗುತ್ತದೆ, ಕಾಲು ಬಡಿಯುತ್ತದೆ, ಬಾಯಿಗೆ ನೀರು ಹೋಗುತ್ತದೆ. ಅದೇ ಬೇಕು. ಆಮೇಲೆ ಗಾಗಲ್ಸ್ ಕಿತ್ತು ಕತ್ತಿಗೆ ಇಳಿಸಿ, ಆಳದಲ್ಲೇ ತೇಲುತ್ತಾ ನೀರು ಚೆಲ್ಲಿ ಮತ್ತೆ ಹಾಕಿಕೊಳ್ಳಿ. ಮೊದಲ ಸಲ ರಬ್ಬರ್ ಕೂದಲಿಗೆ ಸಿಕ್ಕಿ ಒಂದು ಕಣ್ಣಿನೊಳಗೆ ನೀರು ನಿಲ್ಲುತ್ತದೆ. ಹಾಗೇ ಒಂದು ಲೆಂತ್ ಈಜಿ. ಕಣ್ಣು ಮುಚ್ಚಿ ಆರು ಕೈ, ತೆರೆದು ಮುಂದೆ ನೋಡಿ ಮತ್ತೆ ಆರು ಕೈ. ಗೋಡೆ ಮುಟ್ಟದೆ ಒಂದು ಮೀಟರ್ ಮುಂಚೆಯೇ ತಿರುಗಿ. ಕೊನೆಗೆ ಆಳದ ಕಡೆ ಎರಡು ನಿಮಿಷ ತೇಲುತ್ತಾ ನಿಂತು ಅಲ್ಲಿಂದಲೇ ಹೊರಡಿ.

*ತೆರೆದ ನೀರು.* ಒಬ್ಬರೇ ಹೋಗಬೇಡಿ, ಯಾವತ್ತೂ. ಕಲ್ಲುಕ್ವಾರಿ, ಊರ ಕೆರೆ, ಡ್ಯಾಮಿನ ಹಿನ್ನೀರು ಇವೆಲ್ಲ ಮೇಲಿಂದ ಶಾಂತವಾಗಿ ಕಾಣುತ್ತವೆ. ಕೆಸರು, ಬೇರು, ಏಕಾಏಕಿ ಆಳ ಎಲ್ಲ ಒಳಗಿರುತ್ತದೆ, ಬಹಳ ಕಡೆ ಈಜಲು ಅನುಮತಿಯೂ ಇಲ್ಲ. ಕೋಚ್ ಮತ್ತು ದೋಣಿ ಇರುವ ತರಬೇತಿ ಗುಂಪಿನ ಜೊತೆ ಹೋಗಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರದ ಮಾತೇ ಬೇಡ. ನವೆಂಬರ್ ಮೇಲೆ, ಬೆಳಿಗ್ಗೆ, ಜೀವರಕ್ಷಕರಿರುವ ಕಡಲತೀರದಲ್ಲಿ ಮಾತ್ರ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೊಂಟಕ್ಕೆ ಕಟ್ಟಿ ಎಳೆದೊಯ್ಯುವ ಬಣ್ಣದ ತೇಲುಚೀಲ ಅಭ್ಯಾಸಕ್ಕೆ ಕಡ್ಡಾಯ ಅಂದುಕೊಳ್ಳಿ.

ಮೊದಲ ದಿನ ಈಜಲೇಬೇಕು ಅಂತಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತು ಮುಖ ಮುಳುಗಿಸಿ, ಕೆಳಗೆ ಏನೂ ಕಾಣದ ಹಸಿರು ಬಣ್ಣ ನೋಡಿ. ಅದು ಕಣ್ಣಿಗೆ ಪಳಗಬೇಕು. ಎರಡನೇ ದಿನ ದಡದುದ್ದಕ್ಕೆ 50 ಮೀಟರ್. ನಿಮ್ಮ ರೇಸಿನ ಈಜು ತೆರೆದ ನೀರಿನಲ್ಲಿದ್ದರೆ, ರೇಸಿಗೆ ಮುಂಚೆ ಕನಿಷ್ಠ ನಾಲ್ಕೈದು ಸಲ ಹೀಗೆ ಹೋಗಿರಬೇಕು. ಒಂದು ಸಲವೂ ಹೋಗಲು ಆಗದಿದ್ದರೆ ರೇಸ್ ಬದಲಿಸಿ.

ಹಂತ 6: ಸೈಕಲ್, ಮತ್ತು ಇಳಿದ ತಕ್ಷಣ ಓಟ

ಸೈಕಲಿನಲ್ಲಿ ಆತಂಕ ಸಾಮಾನ್ಯವಾಗಿ ಕಡಿಮೆ. ಆದರೆ ಈಜಿನ ಗಾಬರಿ ಕಳೆದ ಖುಷಿಯಲ್ಲಿ ಮೊದಲ ಐದು ಕಿಲೋಮೀಟರ್ ಸಿಕ್ಕಾಪಟ್ಟೆ ಒತ್ತುವುದು ಎಲ್ಲರೂ ಮಾಡುವ ತಪ್ಪು. ಹಗುರ ಗೇರಿನಲ್ಲಿ ಶುರು ಮಾಡಿ. ಎದುರಿನವರ ಹಿಂದೆ ಅಂಟಿಕೊಂಡು ಹೋಗಬೇಡಿ, ಹವ್ಯಾಸಿಗಳ ಹೆಚ್ಚಿನ ರೇಸುಗಳಲ್ಲಿ ಅದಕ್ಕೆ ಸಮಯದ ದಂಡ ಇದೆ. ನಮ್ಮ ರಸ್ತೆಯಲ್ಲಿ ನಾಯಿ, ಬಣ್ಣ ಬಳಿಯದ ಹಂಪ್ ಎರಡನ್ನೂ ಲೆಕ್ಕಕ್ಕಿಟ್ಟು ಒಂದು ಕೈ ಬ್ರೇಕಿನ ಹತ್ತಿರ ಇರಲಿ.

ಸೈಕಲಿಂದ ಇಳಿದು ಓಡಲು ಶುರು ಮಾಡಿದಾಗ ಕಾಲು ನಿಮ್ಮದೇ ಅಲ್ಲ ಅನಿಸುತ್ತದೆ. ತೊಡೆ ಮರಗಟ್ಟಿದ ಹಾಗೆ, ಹೆಜ್ಜೆ ಚಿಕ್ಕದು, ಉಸಿರು ಜಾಸ್ತಿ. ಆತಂಕದ ಮನಸ್ಸು ಇದನ್ನೂ ‘ಕುಸಿದು ಬೀಳ್ತೀನಿ’ ಅಂತ ಓದುತ್ತದೆ. ವಾರಕ್ಕೊಮ್ಮೆ 40 ನಿಮಿಷ ಸೈಕಲ್, ಇಳಿದ ತಕ್ಷಣ 10 ನಿಮಿಷ ಓಟ ಮಾಡಿ. ಐದಾರು ವಾರದಲ್ಲಿ ಆ ಭಾರ ಎಷ್ಟು ಹೊತ್ತಿಗೆ ಬಿಡುತ್ತದೆ ಅಂತ ನಿಮ್ಮ ದೇಹವೇ ಹೇಳುತ್ತದೆ. ಬಹಳ ಜನಕ್ಕೆ ಮೊದಲ ಕಿಲೋಮೀಟರ್ ಮುಗಿಯುವಷ್ಟರಲ್ಲಿ ಬಿಟ್ಟಿರುತ್ತದೆ.

ಹಂತ 7: ಬದಲಾವಣೆಯ ಜಾಗದ ಅಭ್ಯಾಸ

ಟ್ರಾನ್ಸಿಶನ್ ಅಂದರೆ ಈಜಿನಿಂದ ಸೈಕಲಿಗೆ, ಸೈಕಲಿನಿಂದ ಓಟಕ್ಕೆ ಬದಲಾಗುವ ಜಾಗ. ಇಲ್ಲಿ ಮೈಕ್ ಕೂಗುತ್ತಿರುತ್ತದೆ, ಎಲ್ಲರೂ ಓಡುತ್ತಿರುತ್ತಾರೆ, ನಿಮ್ಮ ಸೈಕಲ್ ಎಲ್ಲಿದೆ ಅಂತಲೇ ಮರೆತುಹೋಗುತ್ತದೆ. ಯೋಚಿಸಿ ಮಾಡುವ ಕೆಲಸ ಇಲ್ಲಿ ಒಂದೂ ಇರಬಾರದು.

ಮನೆಯ ಟೆರೇಸಿನಲ್ಲಿ ಟವೆಲ್ ಹಾಸಿ. ಸೈಕಲಿನ ಹ್ಯಾಂಡಲ್ ಮೇಲೆ ಹೆಲ್ಮೆಟ್ ಮಗುಚಿ, ಪಟ್ಟಿ ಎರಡೂ ಕಡೆ ಹೊರಗೆ ಬಿಡಿ. ಅದರೊಳಗೆ ನಂಬರ್ ಬೆಲ್ಟ್. ಶೂ ಬಾಯಿ ತೆರೆದು, ಒಳಗೆ ಸ್ವಲ್ಪ ಪೌಡರ್. ಈಗ ಒಂದು ಬಕೆಟ್ ನೀರು ತಲೆಗೆ ಸುರಿದುಕೊಂಡು ಶುರು ಮಾಡಿ. ಒದ್ದೆ ಬೆರಳಿಗೆ ಹೆಲ್ಮೆಟಿನ ಬಕಲ್ ಜಾರುತ್ತದೆ, ಒದ್ದೆ ಕಾಲಿಗೆ ಸಾಕ್ಸ್ ಅರ್ಧಕ್ಕೆ ಸುರುಳಿ ಸುತ್ತುತ್ತದೆ. ಇದು ಟೆರೇಸಿನಲ್ಲೇ ಗೊತ್ತಾದರೆ ಒಳ್ಳೆಯದು.

ಕ್ರಮ ಹೀಗಿರಲಿ: ಹೆಲ್ಮೆಟ್, ಬಕಲಿನ ‘ಟಕ್’ ಸದ್ದು, ಬೆಲ್ಟ್, ಶೂ, ಆಮೇಲೆ ಸೈಕಲ್ ಮುಟ್ಟುವುದು. ಬಕಲ್ ಹಾಕದೆ ಸೈಕಲ್ ತೆಗೆದರೆ ದಂಡ. ವಾಪಸ್ ಬಂದಾಗಲೂ ಸೈಕಲ್ ನಿಲ್ಲಿಸಿದ ಮೇಲೆಯೇ ಬಕಲ್ ಬಿಚ್ಚಬೇಕು. ಹತ್ತುವ ಗೆರೆ ದಾಟಿ ಹತ್ತಿ, ಇಳಿಯುವ ಗೆರೆಗೆ ಮುಂಚೆ ಇಳಿಯಿರಿ. ಈ ಕ್ರಮವನ್ನು ಬಾಯಲ್ಲಿ ಹೇಳುತ್ತಾ ಮಾಡಿ. ರೇಸಿನಲ್ಲೂ ಬಾಯಲ್ಲೇ ಹೇಳಿ, ಯಾರೂ ಕೇಳಿಸಿಕೊಳ್ಳುವಷ್ಟು ಪುರುಸೊತ್ತಿನಲ್ಲಿ ಇರುವುದಿಲ್ಲ.

ಹಂತ 8: ರೇಸಿನ ವಾರ

ಟ್ರೇನಿಂಗ್ ಅರ್ಧಕ್ಕೆ ಇಳಿಸಿ. ದೇಹಕ್ಕೆ ಬಿಡುವು ಸಿಕ್ಕಾಗ ಮನಸ್ಸಿಗೆ ಕೆಲಸ ಜಾಸ್ತಿ ಆಗುತ್ತದೆ. ಗಂಟಲು ಕೆರೆತ, ಮಂಡಿ ನೋವು, ‘ಜ್ವರ ಬರೋ ಹಾಗಿದೆ’ ಎಲ್ಲ ಈ ವಾರವೇ ಬರುತ್ತವೆ. ಥರ್ಮಾಮೀಟರ್ ಇಡಿ. ಜ್ವರ ನಿಜವಾಗಿ ಇದ್ದರೆ ರೇಸ್ ಬೇಡ, ಇಲ್ಲದಿದ್ದರೆ ಮುಂದಿನ ಕೆಲಸ ನೋಡಿ.

ಗುಂಪಿನಲ್ಲಿ ‘ನೀರು ಹೇಗಿದೆ, ಅಲೆ ಇದೆಯಾ, ಹಾವು ಇದೆಯಂತೆ ಹೌದಾ’ ಅನ್ನುವ ಪ್ರಶ್ನೆಗಳ ಮಳೆ ಸುರಿಯುತ್ತದೆ. ಒಂದು ಉತ್ತರ ಸಿಕ್ಕರೆ ಹತ್ತು ನಿಮಿಷ ಸಮಾಧಾನ, ಆಮೇಲೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ದಿನಕ್ಕೊಮ್ಮೆ ಆಯೋಜಕರ ಸಂದೇಶ ಮಾತ್ರ ನೋಡಿ, ಗುಂಪನ್ನು ಮ್ಯೂಟ್ ಮಾಡಿ.

ಕಾಫಿ ವಿಷಯ. ಕೆಫೀನ್ ಆತಂಕ ಹೆಚ್ಚಿಸುತ್ತದೆ ಅಂತ ರೇಸಿನ ದಿನ ಏಕಾಏಕಿ ಬಿಟ್ಟರೆ ತಲೆನೋವು ಗ್ಯಾರಂಟಿ. ವಾರದ ಮುಂಚಿನಿಂದಲೇ ಅರ್ಧಕ್ಕೆ ತನ್ನಿ. ರೇಸಿನ ಬೆಳಿಗ್ಗೆ ಅದೇ ಅರ್ಧ ಲೋಟ. ಕೆಫೀನ್ ಇರುವ ಎನರ್ಜಿ ಜೆಲ್ ಯಾರೇ ಕೊಟ್ಟರೂ ಬೇಡ ಅನ್ನಿ.

ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಇದು ಖಚಿತ ಅಂದುಕೊಂಡೇ ಮಲಗಿ. ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದರೆ ಒಂದು ರಾತ್ರಿಯ ಕೊರತೆಯಿಂದ ಸ್ಪ್ರಿಂಟ್ ರೇಸ್ ಕೆಡುವುದಿಲ್ಲ. ದೀಪ ಆರಿಸಿ ಸುಮ್ನೆ ಮಲಗಿರಿ. ‘ಹುಷಾರಿಲ್ಲ’ ಅನ್ನುವ ಮೆಸೇಜ್ ಬರೆಯುವ ಆಸೆ ಬರುವುದು ಇದೇ ಹೊತ್ತಿನಲ್ಲಿ. ಇದಕ್ಕೊಂದು ನಿಯಮ ಮೊದಲೇ ಮಾಡಿಕೊಳ್ಳಿ: ರಾತ್ರಿ ಯಾವ ತೀರ್ಮಾನವೂ ಇಲ್ಲ, ತೀರ್ಮಾನ ಬೆಳಿಗ್ಗೆ ನೀರಿನ ಹತ್ತಿರ ನಿಂತು.

ಹಂತ 9: ರೇಸಿನ ಬೆಳಿಗ್ಗೆ

ಎರಡೂವರೆ ಗಂಟೆ ಮುಂಚೆ ಎರಡು ಇಡ್ಲಿ, ಒಂದು ಬಾಳೆಹಣ್ಣು. ಹೊಟ್ಟೆ ತೊಳಸುತ್ತಿದ್ದರೆ ಬರೀ ಬಾಳೆಹಣ್ಣು, ಸ್ವಲ್ಪ ಓಆರ್‌ಎಸ್. ಹೊಸ ತಿಂಡಿ ಬೇಡ, ಕರಿದದ್ದು, ಕೊಬ್ಬರಿ ಚಟ್ನಿ ಬೇಡ. ಎರಡು ಮೂರು ಸಲ ಟಾಯ್ಲೆಟ್ಟಿಗೆ ಹೋಗುವುದು ಸಾಮಾನ್ಯ. ಅಲ್ಲಿ ಸಾಲು ಉದ್ದ ಇರುತ್ತದೆ, ಅದಕ್ಕೇ ಬೇಗ ಹೋಗಿ.

ಸಾಮಾನು ಜೋಡಿಸಿದ ಮೇಲೆ ಈಜಿನ ದಾರಿಯಿಂದ ನಿಮ್ಮ ಸೈಕಲಿನ ತನಕ ನಡೆದು ನೋಡಿ. ಎಷ್ಟನೇ ಸಾಲು, ಹತ್ತಿರ ಯಾವ ಕಂಬ, ಯಾವ ಮರ. ಬಲೂನು, ಪಕ್ಕದವರ ಕೆಂಪು ಸೈಕಲ್ ಗುರುತಿಗೆ ಆಗದು, ಎರಡೂ ಹೋಗಿರುತ್ತವೆ.

ಅವಕಾಶ ಇದ್ದರೆ ಹೊರಡುವ ಹದಿನೈದು ನಿಮಿಷ ಮುಂಚೆ ನೀರಿಗಿಳಿಯಿರಿ. ಮುಖ ಮುಳುಗಿಸಿ ಇಪ್ಪತ್ತು ಸಲ ಗುಳ್ಳೆ ಬಿಡಿ, ತಿರುಗಿ ಮಲಗುವ ಕ್ರಮ ಒಮ್ಮೆ ಪೂರ್ತಿ ಮಾಡಿ. ನೀರಿಗೆ ಬಿಡದಿದ್ದರೆ ಬಾಟಲಿಯ ನೀರನ್ನು ಮುಖಕ್ಕೆ, ಕತ್ತಿಗೆ ಸುರಿದುಕೊಳ್ಳಿ. ಸ್ವಯಂಸೇವಕರೊಬ್ಬರಿಗೆ ‘ನನಗೆ ಸ್ವಲ್ಪ ಗಾಬರಿ ಆಗುತ್ತೆ, ಬೆನ್ನ ಮೇಲೆ ಮಲಗಿದರೆ ಸುಧಾರಿಸಿಕೊಳ್ತಿದೀನಿ ಅಂತ, ಕೈ ಎತ್ತಿದರೆ ಮಾತ್ರ ಬನ್ನಿ’ ಅಂತ ಹೇಳಿ. ಅದನ್ನು ಕಯಾಕಿನವರಿಗೆ ತಲುಪಿಸುತ್ತಾರೆ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಹಂತ 10: ರೇಸ್

ಗುಂಪಿನ ಹಿಂದೆ, ಹೊರಗಿನ ಅಂಚಿನಲ್ಲಿ ನಿಲ್ಲಿ. ಶಿಳ್ಳೆ ಬಿದ್ದ ಮೇಲೆ ಹತ್ತು ಎಣಿಸಿ ಹೊರಡಿ. ಆ ಹತ್ತು ಸೆಕೆಂಡಿನಲ್ಲಿ ಮುಂದಿನ ಜಗಳವೆಲ್ಲ ದೂರ ಹೋಗಿರುತ್ತದೆ. ಮೊದಲ 200 ಮೀಟರ್ ನಾಚಿಕೆಯಾಗುವಷ್ಟು ನಿಧಾನ ಇರಲಿ. ಆರೆಂಟು ಕೈಗೊಮ್ಮೆ ಕಣ್ಣಷ್ಟೇ ಮೇಲೆತ್ತಿ ಬೋಯ್ ನೋಡಿ.

ಗಾಬರಿ ಬಂದರೆ ಅಭ್ಯಾಸ ಮಾಡಿದ ನಾಲ್ಕು ಕೆಲಸ. ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಬೆನ್ನ ಮೇಲೆ ತೇಲುತ್ತಾ, ಬೋಯ್ ಹಿಡಿದು, ನಿಧಾನ ಬ್ರೆಸ್ಟ್‌ಸ್ಟ್ರೋಕ್ ಹೊಡೆಯುತ್ತಾ ಅಷ್ಟು ಹೊತ್ತು ಕಳೆಯಬಹುದು. ಎರಡು ಸಲ, ಮೂರು ಸಲ ಬಂದರೂ ಅದೇ ಕ್ರಮ.

ನೀರಿನಿಂದ ಎದ್ದಾಗ ತಲೆ ಸುತ್ತುತ್ತದೆ. ಮಲಗಿದ್ದ ದೇಹ ಏಕಾಏಕಿ ನಿಂತಿದೆ ಅಷ್ಟೇ. ಹತ್ತು ಹೆಜ್ಜೆ ನಡೆದು ಆಮೇಲೆ ಓಡಿ. ಸೈಕಲಿನಲ್ಲಿ ಹತ್ತನೇ ನಿಮಿಷದಿಂದ ಗುಟುಕು ಗುಟುಕಾಗಿ ನೀರು. ಕೊನೆಯ ಕಿಲೋಮೀಟರ್ ಹಗುರ ಗೇರ್. ಓಟದಲ್ಲಿ ಮೊದಲ ಕಿಲೋಮೀಟರ್ ಕಾಲಿನ ಭಾರಕ್ಕೆ ಬಿಟ್ಟುಕೊಡಿ, ನೀರಿನ ಸ್ಟೇಶನ್ ಬಂದಾಗಲೆಲ್ಲ ಬೇಕಾದರೆ ನಡೆಯಿರಿ. ನಡೆಯುವುದಕ್ಕೆ ದಂಡ ಇಲ್ಲ.

ಹಂತ 11: ಯಾವಾಗ ನಿಲ್ಲಿಸಲೇಬೇಕು

ಮೇಲಿನದ್ದೆಲ್ಲ ಆತಂಕಕ್ಕೆ. ಕೆಳಗಿನವು ಆತಂಕ ಅಲ್ಲ, ಇವಕ್ಕೆ ಎಣಿಸುತ್ತಾ ಕೂರಬೇಡಿ, ತಕ್ಷಣ ಕೈ ಎತ್ತಿ.

ಎದೆಯಲ್ಲಿ ಹಿಂಡಿದಂಥ ನೋವು, ಅದು ಎಡಗೈಗೋ ದವಡೆಗೋ ಹರಿಯುವುದು. ಬೆನ್ನ ಮೇಲೆ ಮಲಗಿ ಸುಧಾರಿಸಿದರೂ ಉಸಿರು ಇನ್ನೂ ಕಷ್ಟವಾಗುತ್ತಾ ಹೋಗುವುದು, ಎದೆಯೊಳಗೆ ಗೊರಗೊರ ಸದ್ದು, ಕೆಮ್ಮಿದಾಗ ನೊರೆ ಅಥವಾ ನಸುಗೆಂಪು ಕಫ. ಈಜುವಾಗ ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಹೀಗೇ ಶುರುವಾಗುತ್ತದೆ, ಆತಂಕ ಅಂದುಕೊಂಡು ಮುಂದುವರಿದರೆ ಪ್ರಾಣಕ್ಕೆ ಬರುತ್ತದೆ. ಬಡಿತ ತಾಳ ತಪ್ಪಿ ಎಗರುವುದು, ಕಣ್ಣು ಕತ್ತಲೆ. ಓಟದಲ್ಲಾದರೆ ಬಿಸಿಲಿನಲ್ಲೂ ಮೈ ನಡುಗುವುದು, ಮಾತು ತೊದಲುವುದು, ದಾರಿ ತಿಳಿಯದಾಗುವುದು.

ವ್ಯತ್ಯಾಸ ಹೀಗೆ ನೆನಪಿಡಿ: ನೀವು ನಿಂತು ಸುಧಾರಿಸಿಕೊಂಡರೆ ಆತಂಕ ಸಾಮಾನ್ಯವಾಗಿ ಇಳಿಯುತ್ತದೆ, ಇವು ನಿಂತರೂ ಇಳಿಯದೇ ಇರಬಹುದು, ಇಳಿದರೂ ಆತಂಕ ಅಂದುಕೊಳ್ಳಬೇಡಿ. ಅನುಮಾನ ಬಂದರೆ ನಿಲ್ಲಿಸುವ ಕಡೆಗೇ ತೀರ್ಮಾನ ಮಾಡಿ.

ಹಂತ 12: ಮುಗಿದ ಮೇಲೆ

ಮುಗಿಸಿದರೂ ಅರ್ಧಕ್ಕೆ ಬಿಟ್ಟರೂ ಸಮಯ ಅಳೆಯಲು ಕಾಲಿಗೆ ಕಟ್ಟಿದ ಚಿಪ್ ವಾಪಸ್ ಕೊಟ್ಟು ಆಯೋಜಕರಿಗೆ ಹೇಳಿ. ಹೇಳದೆ ಮನೆಗೆ ಹೋದರೆ ನಿಮ್ಮನ್ನು ನೀರಿನಲ್ಲಿ ಹುಡುಕುತ್ತಿರುತ್ತಾರೆ. ಇದು ತಮಾಷೆಯಲ್ಲ.

ಆ ಸಂಜೆ ಅಥವಾ ಮಾರನೇ ದಿನ ಮನಸ್ಸು ಕುಸಿದ ಹಾಗೆ ಅನಿಸಬಹುದು, ಚೆನ್ನಾಗಿ ಮುಗಿಸಿದವರಿಗೂ. ತಿಂಗಳುಗಟ್ಟಲೆ ಬಿಗಿ ಹಿಡಿದದ್ದು ಒಮ್ಮೆಲೇ ಸಡಿಲವಾಗಿರುತ್ತದೆ. ನಾಲ್ಕೈದು ದಿನ ಹಗುರ ನಡಿಗೆ, ಊಟ, ನಿದ್ದೆ. ಎರಡು ವಾರ ಆದರೂ ಹಾಗೇ ಇದ್ದರೆ ಡಾಕ್ಟರನ್ನು ನೋಡಿ.

ಎರಡು ದಿನದೊಳಗೆ ಒಂದು ಹಾಳೆಯಲ್ಲಿ ಬರೆದಿಡಿ: ಆತಂಕ ಎಲ್ಲಿ ಬಂತು, ಎಷ್ಟು ಹೊತ್ತಿತ್ತು, ಆಗ ಏನು ಮಾಡಿದಿರಿ. ಟೈಮಿಂಗ್ ಬೇಡ, ಅದನ್ನು ವೆಬ್‌ಸೈಟಿನವರು ಹಾಕಿರುತ್ತಾರೆ. ಅರ್ಧಕ್ಕೆ ಬಿಟ್ಟವರು ಎಲ್ಲಿ ಬಿಟ್ಟಿರೋ ಆ ಹಂತಕ್ಕೆ ಮಾತ್ರ ವಾಪಸ್ ಹೋಗಿ, ಮೊದಲಿನಿಂದ ಶುರು ಮಾಡಬೇಕಿಲ್ಲ. ನೀರಿನಲ್ಲಿ ಬಿಟ್ಟಿದ್ದರೆ ವಾರದೊಳಗೆ ಒಮ್ಮೆ ಪೂಲಿಗಿಳಿದು ಹತ್ತು ನಿಮಿಷ ಆರಾಮಾಗಿ ಈಜಿ ಬನ್ನಿ. ತಿಂಗಳು ಬಿಟ್ಟರೆ ಹೆದರಿಕೆ ದೊಡ್ಡದಾಗುತ್ತದೆ. ಮುಂದಿನ ರೇಸಿನ ಫಾರ್ಮ್ ತುಂಬುವುದು ಅದಾದ ಮೇಲೆ.